ಪುಟ್ಟಬಸಪ್ಪ ಮೇಷ್ಟ್ರ ಮುಖ

ಪುಟ್ಟಬಸಪ್ಪ ಮೇಷ್ಟ್ರ ಮುಖಕ್ಕೆ ಬಿಡುವೆಂಬುದೇ ಇರಲಿಲ್ಲ. ಹುಬ್ಬು ಒಂದು ಕಡೆ ಹೊರಟರೆ ಮೀಸೆ ಇನ್ನೊಂದು ಕಡೆ ಹೊರಡುತ್ತಿತ್ತು. ಹಾಲಿನವನು ನೀರು ಬೆರೆಸಿದ್ದಾನೆ ಅನ್ನುವಷ್ಟು ಸಣ್ಣ ಸುದ್ದಿ ಹೇಳುವುದಕ್ಕೂ ಅವರ ಮೂಗು, ಕೆನ್ನೆ, ಗಲ್ಲ ಎಲ್ಲವೂ ಕೆಲಸಕ್ಕೆ ಇಳಿಯುತ್ತಿದ್ದವು. ಟೆಂಟ್ ಸಿನಿಮಾ ನೋಡಿ ಮನೆಗೆ ಬಂದರೆ, ಕತೆ ಮದುವೆಯಲ್ಲಿ ಮುಗಿಯಿತೋ ಸಾವಿನಲ್ಲಿ ಮುಗಿಯಿತೋ ಎಂಬುದು ಅವರು ಚಪ್ಪಲಿ ಬಿಡುವ ಹೊತ್ತಿಗೇ ಹೆಂಡತಿ ಗೌರಮ್ಮನವರಿಗೆ ತಿಳಿದುಬಿಡುತ್ತಿತ್ತು. "ನಮ್ ಯಜಮಾನ್ರ ಒಟ್ಟೇಲಿ ಒಂದ್ ಸಾಸ್ವೆ ಕಾಳೂ ನಿಲ್ಲಾಕಿಲ್ಲ. ಎಲ್ಲಾ ಮಖದ್ ಮ್ಯಾಲೇ ಬಂದು ಕುಂತ್ಕತ್ತದೆ" ಎಂದು ಆಕೆ ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಮೇಷ್ಟ್ರು ಪಕ್ಕದಲ್ಲೇ ನಿಂತು ನಾಚಿಕೊಳ್ಳುತ್ತಿದ್ದರು. ಆ ನಾಚಿಕೆಯೂ ಕಿವಿಯವರೆಗೆ ಹಬ್ಬಿರುತ್ತಿತ್ತು.

ನರಸೀಪುರದ ಹೈಸ್ಕೂಲಿನಲ್ಲಿ ಅವರು ನಮಗೆ ಇಂಗ್ಲಿಷ್ ಮೇಷ್ಟ್ರು. ಎಪ್ಪತ್ತರ ದಶಕದ ಮೊದಲ ವರ್ಷಗಳು. ಸುತ್ತಲಿನ ಹಳ್ಳಿಗಳಿಂದ ನಡೆದು, ಸೈಕಲ್ಲು ತುಳಿದು ಬರುವ ಮಕ್ಕಳೇ ಹೆಚ್ಚು. ಇಂಗ್ಲಿಷ್ ಅಂದರೆ ನಮಗೆಲ್ಲ ಜ್ವರ ಬರುತ್ತಿತ್ತು. ಬೇರೆ ಮೇಷ್ಟ್ರಾಗಿದ್ದರೆ ಗೈಡು ಕೊಂಡು ಉರು ಹೊಡೆಯಿರಿ ಅನ್ನುತ್ತಿದ್ದರು. ಇವರು ಗೈಡು ಕಂಡರೆ ಹಾವು ಕಂಡವರಂತೆ ಹಾರುತ್ತಿದ್ದರು, ಹಾರುವಾಗಿನ ಮುಖವನ್ನೂ ನಿಂತು ಇನ್ನೊಮ್ಮೆ ತೋರಿಸುತ್ತಿದ್ದರು.

ಅವರ ಪಾಠದ ಕ್ರಮವೇ ಬೇರೆ. ಮನುಷ್ಯರ ಗುಣ ಹೇಳುವ ಪದ ಬಂದರೆ ಅರ್ಥ ಬರೆಸುತ್ತಿರಲಿಲ್ಲ. ಬೋರ್ಡಿನ ಕಡೆ ತಿರುಗಿ, ಅಂಗೈಯಿಂದ ಮುಖವನ್ನೊಮ್ಮೆ ಒರೆಸಿಕೊಂಡು, ಮತ್ತೆ ನಮ್ಮ ಕಡೆ ತಿರುಗುತ್ತಿದ್ದರು. ಆಗ ಅಲ್ಲಿ ಇನ್ಯಾರದೋ ಮುಖ ಇರುತ್ತಿತ್ತು. ಅದು ಯಾವ ಪದ ಅಂತ ನಾವು ಹೇಳಬೇಕು. ಸರಿ ಹೇಳಿದರೆ "ಭೇಷ್!" ಯಾರಿಗೂ ಗೊತ್ತಾಗದಿದ್ದರೆ ಯಾರಾದರೊಬ್ಬರು ಎದ್ದು ನಿಂತು "ಸೋತೆ ಸಾ" ಅನ್ನಬೇಕು. ಅಷ್ಟು ಅಂದದ್ದೇ ತಡ, ಆ ಮುಖ ಒಡೆದುಹೋಗಿ ಅವರು ನಕ್ಕುಬಿಡುತ್ತಿದ್ದರು, ಉತ್ತರವನ್ನೂ ಹೇಳುತ್ತಿದ್ದರು. "ಸೋತೆ ಅಂದವರ್ಗೆ ಉತ್ತರ ಕೊಡ್ಲೇಬೇಕು ಕಣ್ರಪ್ಪಾ. ಕೊಡ್ದೆ ಹೋದ್ರೆ ಅವ್ನು ಮೇಷ್ಟ್ರೇ ಅಲ್ಲ" ಅನ್ನುವುದು ಅವರ ನಿಯಮ. ಅದರ ಜೊತೆಗೆ ಇನ್ನೊಂದು ಮಾತನ್ನೂ ವಾರಕ್ಕೊಮ್ಮೆ ಹೇಳುತ್ತಿದ್ದರು. "ಬಾಯಿ ಸುಳ್ಳೇಳ್ತದೆ. ಕೈ ಸುಳ್ ಬರೀತದೆ. ಮಖ ಮಾತ್ರ ಸುಳ್ಳೇಳಕಿಲ್ಲ. ಮಖ ಓದೋದ್ ಕಲೀರ್ಲಾ, ಬದುಕ್ಕೊತೀರಿ."

ಅವರ ಒಬ್ಬಳೇ ಮಗಳು ಗಿರಿಜೆ ನಮ್ಮದೇ ಕ್ಲಾಸು, ನನ್ನದೇ ಬೆಂಚು. ಕ್ಲಾಸಿನೊಳಗೆ ಅಪ್ಪಾ ಅನ್ನುವ ಹಾಗಿರಲಿಲ್ಲ, ಎಲ್ಲರಂತೆ "ಸಾ" ಅನ್ನಬೇಕು. ಈ ಆಟದಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಹುಟ್ಟಿದಾಗಿನಿಂದ ಆ ಮುಖ ಓದಿಕೊಂಡು ಬಂದವಳು. ನಾವು ಕೋಪವೋ ಅಸೂಯೆಯೋ ಎಂದು ಒದ್ದಾಡುತ್ತಿದ್ದರೆ ಅವಳು ಕೈಯೆತ್ತಿ ಆಗಿರುತ್ತಿತ್ತು. "ಹೆಂಗೇ ಗೊತ್ತಾಯ್ತು?" ಅಂದರೆ, "ಕಣ್ಣಿನ ಕೆಳಗಡೆ ನೋಡೇ ಲಲಿತಾ. ಅಪ್ಪಂದು ಎಲ್ಲಾ ಅಲ್ಲೇ ಕೂತಿರ್ತದೆ" ಅನ್ನುತ್ತಿದ್ದಳು.

ಒಂದು ದಿನ ಪಾಠದಲ್ಲಿ ಒಬ್ಬ ಮನುಷ್ಯ ಕೆಟ್ಟ ಸುದ್ದಿ ಕೇಳಿಯೂ ಇಂಪ್ಯಾಸಿವ್ ಆಗಿ ನಿಂತಿದ್ದ ಎಂಬ ಮಾತು ಬಂತು. ಭಾವನೆ ಏನನ್ನೂ ತೋರಿಸಲಿಲ್ಲ ಎಂದು ಮೇಷ್ಟ್ರು ವಿವರಿಸಿದರು. ಹಿಂದಿನ ಬೆಂಚಿನಲ್ಲಿ ಮೂಗೂರಿನ ಸಿದ್ದರಾಜು ಎದ್ದು ನಿಂತ. ತಂಟೆಗೆ ಅವನೇ ಮೊದಲು. "ಸಾ, ಅಳಾದು ನಗಾದು ಮಾಡಿ ತೋರುಸ್ತೀರಿ. ಏನೂ ಮಾಡ್ದೆ ಇರಾದ್ನ ಎಂಗ್ ತೋರುಸ್ತೀರಿ ಸಾ?" ಕ್ಲಾಸೆಲ್ಲ ಗೊಳ್ಳೆಂದಿತು. ಮೇಷ್ಟ್ರಿಗೆ ಅದಕ್ಕಿಂತ ಸಂತೋಷದ ಪ್ರಶ್ನೆ ಬೇಕಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡರು.

"ಏನೂ ತೋರಿಸ್ದೆ ಇರೋದ್ರಲ್ಲೂ ಎಷ್ಟ್ ತರ ಅವೆ ಗೊತ್ತೇನ್ಲಾ ಸಿದ್ರಾಜ? ಮನುಷ್ಯ ಒಂದ್ ಮನೆ ಅನ್ಕೊ. ಸ್ಟೋಯಿಕ್ ಅಂದ್ರೆ ಮನೆಯೊಳಗೆ ನೋವದೆ, ಯಜಮಾನ ಬೀದಿಯೋರ್ಗೆ ಗೊತ್ತಾಗ್ದಂಗೆ ಬಾಗ್ಲು ಹಾಕ್ಕೊಂಡವ್ನೆ. ಸ್ಟಾಲಿಡ್ ಅಂದ್ರೆ ಬಾಗ್ಲು ತೆಗ್ದೇ ಅದೆ, ಒಳಗೆ ಕಾಣೋಕೆ ಸಾಮಾನೇ ಇಲ್ಲ. ಅಲೂಫ್ ಅನ್ನೋನು ಮಹಡಿ ಮೇಲ್ ಕೂತವ್ನೆ, ಕೆಳಗಿಳ್ಯಕಿಲ್ಲ. ಇಂಡಿಫರೆಂಟ್ ಅನ್ನೋನು ಜಗಲಿ ಮೇಲೇ ಅವ್ನೆ, ನೀನ್ ಬಂದ್ರೂ ಅಷ್ಟೇ, ಓದ್ರೂ ಅಷ್ಟೇ. ಡೆಡ್‌ಪ್ಯಾನ್ ಅಂದ್ರೆ ಬಾಗ್ಲ ಹಿಂದೆ ನಿಂತ್ಕೊಂಡು ಕಿಸಿಕಿಸಿ ನಗ್ತಾವ್ನೆ. ಇಂಪ್ಯಾಸಿವ್‌ಗೆ ಬಾಗ್ಲು ಕಿಟಕಿ ಎಲ್ಲಾ ಬಂದ್. ಒಳಗೆ ಆಳ್ ಅವ್ನಾ ಇಲ್ವಾ ಅಂತ್ಲೇ ಗೊತ್ತಾಗಕಿಲ್ಲ."

ಆಮೇಲೆ ಒಂದೊಂದನ್ನೂ ಮಾಡಿ ತೋರಿಸಿದರು. ನಮಗೆ ಎಲ್ಲವೂ ಒಂದೇ ತರ ಕಂಡವು. ಗಿರಿಜೆ ಮಾತ್ರ ಒಂದೊಂದನ್ನೂ ಹೇಳುತ್ತಾ ಹೋದಳು, "ಭೇಷ್" ಮೇಲೆ "ಭೇಷ್". ಕೊನೆಗೆ ಒಂದು ಉಳಿಯಿತು. ಮೇಷ್ಟ್ರು ಹೊಸದಾಗಿ ತಿರುಗಿ ನಿಂತರು. ಅವಳು ಅವರ ಕಣ್ಣಿನ ಕೆಳಗೆ ನೋಡಿದಳು, ಬಾಯಿಯ ಅಂಚು ನೋಡಿದಳು. ಉಳಿದ ಪದ ಒಂದೇ, ಲೆಕ್ಕದಿಂದಲೇ ಹೇಳಿಬಿಡಬಹುದಿತ್ತು. ಹಾಗೆ ಹೇಳುವ ಜಾತಿಯವಳಲ್ಲ ಅವಳು. ಮುಖ ನೋಡಿಯೇ ಹೇಳಬೇಕು. ಆ ಮುಖದಲ್ಲಿ ಅವಳಿಗೆ ಏನೂ ಸಿಗಲಿಲ್ಲ. "ಸೋತೆ ಸಾ" ಅಂದಳು, ಅಳು ಬಂದಂತಾಗಿ. ಮೇಷ್ಟ್ರು ನಕ್ಕ ನಗು ಹೆಡ್ಮಾಸ್ಟರ ರೂಮಿಗೆ ಕೇಳಿಸಿತು. "ನನ್ ಮಗಳನ್ನೂ ಸೋಲಿಸ್ಬುಟ್ಟೆ ನೋಡ್ರಲಾ! ಇಂಪ್ಯಾಸಿವ್ ಕಣಮ್ಮಾ, ಇಂಪ್ಯಾಸಿವ್!" ಆವತ್ತು ಅವರಿಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ ಸಂಜೆ ನಮ್ಮಿಬ್ಬರಿಗೂ ಬಾಳೆಹಣ್ಣಿನ ರಸಾಯನ ತಿನ್ನಿಸಿದರು.

ಆ ಮುಖವನ್ನು ಅವರು ಕ್ಲಾಸಿನ ಹೊರಗೆ ಒಂದೇ ಒಂದು ಸಲ ಹಾಕಿಕೊಂಡರು.

ಗಿರಿಜೆ ಬಿ.ಎಡ್. ಮುಗಿಸಿ ಮೈಸೂರಿನಲ್ಲಿ ಟೀಚರಾದಳು. ಅದೇ ಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಪ್ರಭಾಕರನನ್ನು ಒಪ್ಪಿದಳು. ಹುಡುಗ ಒಳ್ಳೆಯವನು. ಜಾತಿ ಬೇರೆ. ಇವರು ಲಿಂಗಾಯತರು, ಗೌರಮ್ಮನವರು ಬೆಳಗ್ಗೆ ಪೂಜೆಯಾಗದೆ ಹನಿ ನೀರು ಕುಡಿಯದವರು. ಮನೆಯಲ್ಲಿ ಹೇಳುವ ದಿನ ಗಿರಿಜೆ ನನ್ನನ್ನೂ ಕರೆದುಕೊಂಡು ಹೋದಳು. "ಅಮ್ಮ ಕೂಗಾಡ್ಲಿ ಬಿಡೇ, ಕೂಗಾಡ್ತಾಳೆ. ನಾನು ಅಪ್ಪನ ಮುಖ ನೋಡ್ಕೊಂಡು ಬರ್ಬೇಕು, ಅಷ್ಟೇ. ಅಲ್ಲಿ ಒಂಚೂರು ಒಪ್ಪಿಗೆ ಕಂಡ್ರೂ ಸಾಕು, ಎಷ್ಟು ವರ್ಷ ಬೇಕಾದ್ರೂ ಕಾಯ್ತೀನಿ" ಅಂದಿದ್ದಳು ದಾರಿಯಲ್ಲಿ.

ಗೌರಮ್ಮನವರು ಕೂಗಾಡಿದರು. ಎದೆ ಬಡಿದುಕೊಂಡರು. "ಒಳೆ ಎಲ್ಲದೆ ಅಂತ ನಂಗೊತ್ತು ಕಣೇ. ನೀನ್ ಅತ್ತಗೆ ತಾಳಿ ಕಟ್ಟುಸ್ಕೊ, ಇತ್ತಗೆ ನಾನು ಒಳೆಗೆ ಬೀಳ್ತೀನಿ" ಅಂದರು. ಗಿರಿಜೆ ಅವರ ಕಡೆ ನೋಡಲೇ ಇಲ್ಲ. ಗೋಡೆಗೆ ಒರಗಿ ನಿಂತಿದ್ದ ಅಪ್ಪನನ್ನೇ ನೋಡುತ್ತಿದ್ದಳು. ನಾನೂ ನೋಡಿದೆ. ಬಾಗಿಲು ಕಿಟಕಿ ಎಲ್ಲ ಬಂದ್. ಹುಬ್ಬು ಇದ್ದಲ್ಲೇ ಇತ್ತು, ಮೀಸೆ ಇದ್ದಲ್ಲೇ ಇತ್ತು. ಅವಳು ಕಾದಳು. "ಅಪ್ಪಾ, ಅಮ್ಮನ ಮಾತು ಕೇಳೋಕೆ ಬಂದಿಲ್ಲ ನಾನು" ಅಂದಳು. ಆ ಮುಖ ಹಾಗೆಯೇ ಇತ್ತು. ಬಸ್ಸಿನಲ್ಲಿ ಗಿರಿಜೆ ಅಳಲಿಲ್ಲ. "ಏನೂ ಇಲ್ಲ ಕಣೇ ಅಲ್ಲಿ" ಅಂದಳು ಒಂದೇ ಮಾತು. ತಿಂಗಳೊಳಗೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿ ಗಂಡನ ಊರು ಹಾಸನಕ್ಕೆ ಹೊರಟುಹೋದಳು. ಗೌರಮ್ಮನವರು ಹೊಳೆಗೆ ಬೀಳಲಿಲ್ಲ. ಮಗಳ ಹೆಸರನ್ನು ಮಾತ್ರ ಮನೆಯಲ್ಲಿ ಮತ್ತೆ ಎತ್ತಗೊಡಲಿಲ್ಲ.

ಮೇಷ್ಟ್ರು ರಿಟೈರಾದ ಮೇಲೆ ಗೌರಮ್ಮನವರ ತವರು ನಂಜನಗೂಡಿಗೆ ಬಂದರು. ಆಕೆಯ ತಮ್ಮನ ಮನೆಯ ಮುಂಭಾಗದಲ್ಲಿ ಎರಡು ಕೋಣೆ. ಅಷ್ಟರಲ್ಲಿ ನಾನೂ ಮದುವೆಯಾಗಿ ಅದೇ ಊರು ಸೇರಿದ್ದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ. ನಮ್ಮ ಮನೆಗೂ ಅವರ ಮನೆಗೂ ಒಂದೇ ಬೀದಿ. ಮೊದಲ ದಿನ ಕಂಡಾಗ ಹುಬ್ಬು ಹಾರಿಸಿ, "ಓಹೋ, ಲಲಿತಮ್ಮನೋರು! ಇನ್ಮೇಲೆ ರಾಂಗ್ ನಂಬರ್ ಕೊಟ್ರೆ ಬೆಂಚ್ ಮೇಲ್ ನಿಲ್ಲುಸ್ತೀನಿ" ಅಂದಿದ್ದರು. ಆ ಮುಖ ಇನ್ನು ಹೆಚ್ಚು ದಿನ ಇರುವುದಿಲ್ಲ ಎಂದು ಆಗ ಯಾರಿಗೆ ಗೊತ್ತಿತ್ತು?

ಅದು ಒಂದೇ ದಿನ ಹೋಗಲಿಲ್ಲ. ಮೊದಲು ಬಲಗೈ ಬೆರಳು ಸುಮ್ಮನಿದ್ದಾಗಲೂ ಅಲ್ಲಾಡತೊಡಗಿತು. ವಯಸ್ಸು ಅಂದರು. ಹೆಜ್ಜೆ ಸಣ್ಣದಾಯಿತು. ದನಿ ತಗ್ಗಿತು, ಏರಿಳಿತ ಹೋಯಿತು. ಜೊತೆಜೊತೆಗೆ ಮುಖ ಗಟ್ಟಿಯಾಗುತ್ತಾ ಬಂತು. ಕಣ್ಣು ಮಿಟುಕಿಸುವುದೂ ಕಡಿಮೆಯಾಯಿತು. ಕೈ ನಡುಗುವುದು ಜನರ ಕಣ್ಣಿಗೆ ಕಾಯಿಲೆಯಾಗಿ ಕಂಡಿತು. ಮುಖ ಅಲ್ಲಾಡದಿರುವುದು ಸೊಕ್ಕಾಗಿ ಕಂಡಿತು. "ಪೆನ್ಸನ್ ಬಂದ್ಮೇಲೆ ಮೇಷ್ಟ್ರು ಯಾರ್ ಮಖಾನೂ ನೋಡಿ ನಗಕಿಲ್ಲ" ಅಂದರು. ನಮ್ಮ ಜನಕ್ಕೆ ಹೇಳಿ ಪ್ರಯೋಜನವಿಲ್ಲ. ಜ್ವರ ಅಂದರೆ ಕಷಾಯ ತರುತ್ತಾರೆ, ನಗಲಾರ ಅಂದರೆ ಮುನಿಸಿಕೊಳ್ಳುತ್ತಾರೆ.

ಒಂದು ಸಂಜೆ ಅಂಗಡಿ ಬೀದಿಯಲ್ಲಿ ನಾನೂ ಅವರೂ ತರಕಾರಿ ತರುತ್ತಿದ್ದೆವು. ಎದುರಿಗೆ ಸಿದ್ದರಾಜು ಬಂದ. ಬಸ್ ಕಂಡಕ್ಟರಾಗಿದ್ದ, ಖಾಕಿ ಬಟ್ಟೆ, ಹೊಟ್ಟೆ ಬಂದಿತ್ತು. "ಸಾ!" ಎಂದು ಓಡಿ ಬಂದು ಕಾಲು ಮುಟ್ಟಿದ. ಎದ್ದು ಮುಖ ನೋಡಿದ. ಮೇಷ್ಟ್ರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಸಿದ್ದರಾಜುವಿನ ಮುಖ ಅರಳಿಬಿಟ್ಟಿತು. ಹಳೆಯ ಆಟ ಅಂದುಕೊಂಡಿದ್ದ ಪಾಪ. "ಡೆಡ್‌ಪ್ಯಾನ್ ಸಾ!" ಅಂದ. ಭೇಷ್ ಬರಲಿಲ್ಲ. "ಸ್ಟೋಯಿಕ್! ಅಲ್ವಾ? ತಡೀರಿ ಸಾ, ಜಗಲಿ ಮ್ಯಾಲ್ ಕುಂತೋನು... ಇಂಡಿಪೆರೆಂಟು!" ಬೀದಿಯವರೆಲ್ಲ ನೋಡುತ್ತಿದ್ದರು. ಎಲ್ಲ ಪದಗಳೂ ಖಾಲಿಯಾದವು. ಕೊನೆಗೆ ಎರಡೂ ಕೈ ಎತ್ತಿ, "ಸೋತೆ ಸಾ" ಎಂದು ನಗುತ್ತಾ ನಿಂತ, ಇನ್ನೇನು ಮೇಷ್ಟ್ರು ನಕ್ಕುಬಿಡುತ್ತಾರೆ ಎಂದು. ಮೇಷ್ಟ್ರು, "ಚೆನ್ನಾಗಿದ್ದೀಯಾ ಸಿದ್ರಾಜ" ಅಂದರು, ಹಾಜರಿ ಕೂಗಿದ ಹಾಗೆ. ಅವನ ನಗು ನಿಧಾನಕ್ಕೆ ಇಳಿಯಿತು. "ಬತ್ತೀನಿ ಸಾ" ಎಂದು ಹೋದ. ನಾನು ಹಿಂದೆ ಓಡಿ, ಅವರಿಗೆ ಈಗ ನಗಲಾಗುವುದಿಲ್ಲ ಎಂದು ಹೇಳುವಷ್ಟರಲ್ಲಿ ಬಸ್ಸು ಹತ್ತಿಬಿಟ್ಟಿದ್ದ.

ಆ ದಿನ ಮೇಷ್ಟ್ರನ್ನು ಮನೆಯವರೆಗೂ ಬಿಡಲು ಹೋದೆ. ಅವರ ಮನೆ ಬಾಗಿಲಲ್ಲಿ ನಿಂತು, "ಎಷ್ಟ್ ಸಂತೋಷ ಆಯ್ತು ಲಲಿತಾ, ಅವ್ನ ನೋಡಿ" ಅಂದರು. ಅದನ್ನೂ ಹಾಜರಿ ಕೂಗಿದ ಹಾಗೆಯೇ.

ಗೌರಮ್ಮನವರು ಎದೆನೋವಿನಿಂದ ತೀರಿಕೊಂಡರು. ಅವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಹೂವು ಮುಡಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂತಂತೆಯೇ ಸಮಾಧಿ. ಆಕೆಯ ಪಕ್ಕದಲ್ಲಿ ಮೇಷ್ಟ್ರನ್ನು ಒಂದು ಕುರ್ಚಿ ಹಾಕಿ ಕೂರಿಸಿದ್ದರು. ನಾನು ಮಾಡಿದ ಟ್ರಂಕ್ ಕಾಲ್ ಕೇಳಿ ಗಿರಿಜೆ ಬಂದಳು. ತಾಯಿಯ ಕಾಲು ಹಿಡಿದು ಅತ್ತು, ತಲೆಯೆತ್ತಿ ಅಪ್ಪನನ್ನು ನೋಡಿದಳು. ಇಷ್ಟು ವರ್ಷ ಬಾಳಿದ ಹೆಂಡತಿ ಹೆಣವಾಗಿ ಕೂತಿದ್ದಾಳೆ, ಈ ಮನುಷ್ಯನ ಕಣ್ಣಲ್ಲಿ ಹನಿ ನೀರಿಲ್ಲ. "ಕಲ್ಲು ಕಣವ್ವ, ಕಲ್ಲು" ಎಂದು ಹಿಂದೆ ಒಬ್ಬಾಕೆ ಪಿಸುಗುಟ್ಟಿದಳು. ಗಿರಿಜೆ ಮಣ್ಣು ಹಾಕಿ, ಸಂಜೆಯ ಬಸ್ಸಿಗೇ ಹೊರಟಳು. "ಊಟ ಮಾಡ್ಕೊಂಡು ಹೋಗು" ಅಂದರು ಮೇಷ್ಟ್ರು. ಅವಳಿಗೆ ಅದು ಅಪ್ಪಣೆಯಂತೆ ಕೇಳಿಸಿರಬೇಕು. ತಿರುಗಿ ನೋಡಲಿಲ್ಲ.

ಅದಾದ ಮೇಲೆ ನಾನೂ ನನ್ನ ಯಜಮಾನರೂ ಹಟ ಹಿಡಿದು ಅವರನ್ನು ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಪಾರ್ಕಿನ್ಸನ್ ಎಂಬ ನರದ ಕಾಯಿಲೆ, ಕೈಕಾಲಿನಂತೆಯೇ ಮುಖದ ಸ್ನಾಯುಗಳೂ ಬಿಗಿದುಕೊಳ್ಳುತ್ತವೆ, ಒಳಗಿನ ಭಾವನೆಗೆ ಏನೂ ಆಗಿರುವುದಿಲ್ಲ ಅಂದರು ಡಾಕ್ಟರು. ನಾನು ಅಲ್ಲೇ ಅತ್ತುಬಿಟ್ಟೆ. ಮಾತ್ರೆ ಕೊಟ್ಟರು. ನಡುಕ ಒಂದಿಷ್ಟು ತಗ್ಗಿತು. ಮುಖ ತಿರುಗಿ ಬರಲಿಲ್ಲ.

ಕೆಲವು ದಿನದ ಮೇಲೆ, ಕಪಿಲೆಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತಿದ್ದಾಗ ಅವರೇ ಮಾತೆತ್ತಿದರು. ಒಂದೊಂದು ಪದಕ್ಕೂ ತಡವಾಗುತ್ತಿತ್ತು. "ನಾನ್ ಕಲ್ಸಿದ್ ಪದ ಎಲ್ಲಾ ಹಾಕ್ಕೊಂಡು ನೋಡ್ದೆ ಲಲಿತಾ. ಒಂದೂ ಒಪ್ಪಕಿಲ್ಲ. ಅವೆಲ್ಲ ಬಾಗ್ಲು ಹಾಕ್ಕೊಂಡೋರ್ಗೆ. ನಂದು ಹಂಗಲ್ಲ. ನಾನು ಒಳಗ್ ನಿಂತ್ಕೊಂಡು ಎಳೀತಾನೇ ಇವ್ನಿ, ಬಾಗ್ಲು ಬತ್ತಾ ಇಲ್ಲ. ಇದುಕ್ಕೆ ಪದ ಇಲ್ಲ." ಹೊಳೆಯ ಕಡೆ ತಿರುಗಿದರು. "ಅವತ್ತು ಮಗಳು ಕೇಳೋಕ್ ಬಂದಾಗ ಮಾತ್ರ ನಾನೇ ಹಾಕ್ಕೊಂಡಿದ್ದು. ನಂಗೆ ಆ ಹುಡ್ಗ ಇಷ್ಟ ಆಗಿದ್ದ, ಮೈಸೂರಿಗ್ ಹೋದಾಗ ಒಂದ್ಸಲ ನೋಡ್ಕೊಂಡೂ ಬಂದಿದ್ದೆ. ಮಖದಲ್ಲಿ ಒಂಚೂರು ಕಂಡಿದ್ರೂ ಗೌರಿಗೆ ಗೊತ್ತಾಗೋದು. ಅವ್ಳು ನಿಜ್ವಾಗ್ಲೂ ಹೊಳೆಗ್ ಬಿದ್ದಿದ್ರೆ? ಒಂದಷ್ಟ್ ದಿನ ಹೋಗ್ಲಿ, ಇವ್ಳು ತಣ್ಣಗಾಗ್ಲಿ, ಆಮೇಲೆ ಹಾಸನಕ್ ಹೋಗಿ ಮಗಳ್ ಮುಂದೆ ನಿಂತು ನಕ್ಬುಡಾನ, ಅವ್ಳಿಗೆ ಎಲ್ಲಾ ಗೊತ್ತಾಗ್ತದೆ ಅನ್ಕೊಂಡಿದ್ದೆ. ಇವತ್ತು ನಾಳೆ ಅನ್ನೋದ್ರಲ್ಲಿ ಈ ಮಖಾನೇ ಹೊಂಟೋಯ್ತು."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಮಾರನೇ ದಿನ ಎಕ್ಸ್‌ಚೇಂಜಿನಿಂದ ಹಾಸನದಲ್ಲಿ ಗಿರಿಜೆ ಕೆಲಸ ಮಾಡುತ್ತಿದ್ದ ಸ್ಕೂಲಿಗೆ ಲೈನ್ ಕೊಟ್ಟು, ಮೇಷ್ಟ್ರನ್ನೇ ಕರೆತಂದು ಫೋನ್ ಹಿಡಿಸಿದೆ. "ಗಿರಿಜಾ, ಒಂದ್ಸಲ ಬಾ. ನಿನ್ನ ನೋಡ್ಬೇಕು" ಅಂದರು. ಆಮೇಲೆ ಗಿರಿಜೆ ನನ್ನ ಹತ್ತಿರ, "ಬರ್ಕೊಟ್ಟಿದ್ದನ್ನ ಓದ್ಸಿದ್ಯೇನೇ? ಹಂಗಿತ್ತು" ಅಂದಳು. ನಾನು ಕಾಯಿಲೆಯ ಹೆಸರು ಹೇಳಿದೆ, ಡಾಕ್ಟರು ಹೇಳಿದ್ದೆಲ್ಲ ಹೇಳಿದೆ. "ಭಾನುವಾರ ಬರ್ತೀನಿ. ಮಗೂನೂ ಕರ್ಕೊಂಡು ಬರ್ತೀನಿ" ಅಂದಳು.

ಆ ವಾರವೆಲ್ಲ ಮೇಷ್ಟ್ರು ಕನ್ನಡಿಯ ಮುಂದೆ ಕೂತಿದ್ದರು. ಒಂದು ಬೆಳಗ್ಗೆ ಕಾಫಿ ತೆಗೆದುಕೊಂಡು ಹೋದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎರಡು ತೋರುಬೆರಳಿನಿಂದ ಬಾಯಿಯ ಎರಡು ಅಂಚನ್ನೂ ಮೇಲಕ್ಕೆ ಎತ್ತಿ ಹಿಡಿದು ನೋಡಿಕೊಳ್ಳುತ್ತಿದ್ದರು. ಬೆರಳು ಬಿಟ್ಟರೆ ಬಾಯಿ ತಿರುಗಿ ಇಳಿಯುತ್ತಿತ್ತು. ಮತ್ತೆ ಎತ್ತುತ್ತಿದ್ದರು. ಒಂದು ಕಾಲದಲ್ಲಿ ಅಂಗೈ ಒರೆಸಿ ಬೇಕಾದ ಮುಖ ತರುತ್ತಿದ್ದ ಮನುಷ್ಯ. ನಾನು ಕಾಫಿಯನ್ನು ಜಗಲಿಯ ಮೇಲೆಯೇ ಇಟ್ಟು ಬಂದೆ.

ಭಾನುವಾರ ಗಿರಿಜೆ ಬಂದಳು. ಮೂರು ಮೂರೂವರೆ ವರ್ಷದ ಮಗಳು ಪುಟ್ಟಿ ಸೆರಗು ಹಿಡಿದುಕೊಂಡಿತ್ತು. ಮೇಷ್ಟ್ರು ಹೊಸ ಪಂಚೆಯುಟ್ಟು, ಕ್ಷೌರ ಮಾಡಿಸಿಕೊಂಡು ಕೂತಿದ್ದರು. "ಬಂದ್ಯಾ. ಸಂತೋಷ" ಅಂದರು. ಗಿರಿಜೆ ನಮಸ್ಕಾರ ಮಾಡಿ, ಎದುರಿಗೆ ಚಾಪೆಯ ಮೇಲೆ ಕೂತು, ಅವರ ಕಣ್ಣಿನ ಕೆಳಗೆ ನೋಡಿದಳು. ಹುಡುಕುತ್ತಿದ್ದಾಳೆ ಅಂತ ನನಗೆ ಗೊತ್ತಾಯಿತು. ಎಷ್ಟು ಆಸೆಯಿಂದ ಹುಡುಕಿದಳೋ ದೇವರಿಗೇ ಗೊತ್ತು.

"ಅದೇ ಮುಖ ಕಣೇ" ಅಂದಳು ನನಗೆ. "ಅವತ್ತಿಂದೇ."

"ಕಾಯಿಲೆ ಗಿರಿಜಾ. ಹೇಳಿದ್ನಲ್ಲ."

"ಅವತ್ತೂ ಕಾಯಿಲೆ ಇತ್ತಾ?"

ಹೂಂ, ಆಗಲೇ ಶುರುವಾಗಿತ್ತು ಅಂದುಬಿಟ್ಟರೆ ಎಲ್ಲವೂ ಮುಗಿಯುತ್ತಿತ್ತು. ಅವಳು ಅಪ್ಪನ ಮಡಿಲಲ್ಲಿ ಬಿದ್ದು ಅಳುತ್ತಿದ್ದಳು. ನಾನು ಹೇಳಲು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಇಲ್ಲ" ಅಂದರು. "ಅವತ್ತು ನಾನೇ ಹಾಕ್ಕೊಂಡಿದ್ದೆ. ನಿಮ್ಮಮ್ಮನಿಗ್ ಹೆದರ್ಕೊಂಡು. ಒಳಗೆ ಸಂತೋಷಾನೇ ಇತ್ತು. ಇವತ್ತು ಹಾಕ್ಕೊಂಡಿಲ್ಲ." ಅಷ್ಟು ಹೇಳಲು ಬಹಳ ಹೊತ್ತು ಹಿಡಿಯಿತು. ಎಲ್ಲ ಮಾತೂ ಒಂದೇ ಎತ್ತರದಲ್ಲಿ, ಸಂತೋಷ ಎಂಬ ಪದವೂ.

ಗಿರಿಜೆ ತಲೆ ತಗ್ಗಿಸಿದಳು. "ಅವತ್ತು ಸುಳ್ಳು, ಇವತ್ತು ನಿಜ ಅಂತೀರಿ. ಎರಡೂ ಒಂದೇ ತರ ಇದೆಯಲ್ಲ ಅಪ್ಪಾ. ನಾನು ಹೆಂಗೆ ನಂಬ್ಲಿ? ಮುಖ ಸುಳ್ಳೇಳಲ್ಲ ಅಂತ ಹೇಳ್ಕೊಟ್ಟೋರು ನೀವೇ." ಅವಳ ದನಿ ಮೆತ್ತಗಾಗಿತ್ತು. ಇನ್ನೊಂದು ಚೂರು, ಇನ್ನೊಂದೇ ಚೂರು, ಒಪ್ಪಿಬಿಡುತ್ತಾಳೆ ಅನ್ನಿಸಿತು. ಆಗ ಮಗು, "ತಾತ ಕೋಪ ಮಾಡ್ಕೊಂಡಿದ್ದಾರಾ ಅಮ್ಮಾ?" ಎಂದು ಕೇಳಿತು.

ಮೇಷ್ಟ್ರು ನಡುಗುವ ಕೈಗಳನ್ನು ಮೇಲೆತ್ತಿದರು. ಎರಡು ತೋರುಬೆರಳನ್ನು ಬಾಯಿಯ ಅಂಚಿಗೆ ಇಟ್ಟು, ಮೇಲಕ್ಕೆ ಎತ್ತಿದರು. ಹಲ್ಲು ಕಂಡಿತು. ಬಾಯಿಯ ಒಂದು ಕಡೆಯಿಂದ ಜೊಲ್ಲು ಇಳಿಯಿತು. ಕಣ್ಣುಗಳು ಮಿಟುಕದೆ ಮಗುವನ್ನೇ ನೋಡುತ್ತಿದ್ದವು. ಪುಟ್ಟಿ ಕಿಟಾರನೆ ಕಿರುಚಿ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿತು.

ಗಿರಿಜೆ ಮಗುವನ್ನು ಎತ್ತಿಕೊಂಡು ಎದ್ದುಬಿಟ್ಟಳು. "ಈಗ್ಲೂ ಆಟನಾ ಅಪ್ಪಾ?" ಅಂದಳು.

ಮೇಷ್ಟ್ರು ಬೆರಳು ಬಿಟ್ಟರು. ಬಾಯಿ ಇಳಿಯಿತು. "ಅಲ್ಲ" ಅಂದರು. ಅದು ಅವಳಿಗೆ ಕೇಳಿಸಿತೋ ಇಲ್ಲವೋ. ಮಗುವಿನ ಅಳುವೇ ಜೋರಾಗಿತ್ತು. ನಾನು ಬಸ್ ಸ್ಟ್ಯಾಂಡಿನವರೆಗೂ ಅವಳ ಹಿಂದೆ ಓಡಿದೆ, ಬೈದೆ, ಕೈ ಹಿಡಿದು ಜಗ್ಗಿದೆ. "ನೀನು ಹೇಳೋದು ನಿಜಾನೇ ಇರ್ಬೋದು ಲಲಿತಾ. ನಂಗೆ ಕಾಣ್ತಿಲ್ಲ. ಕಾಣದೆ ಇರೋದನ್ನ ಹೆಂಗೇ ಕಂಡೆ ಅನ್ಲಿ?" ಎಂದು ಬಸ್ಸು ಹತ್ತಿದಳು. ಎಷ್ಟೋ ಹೊತ್ತಿನ ಮೇಲೆ ನಾನು ಮೇಷ್ಟ್ರ ಮನೆಗೆ ಹಿಂದಿರುಗಿದೆ. ಅದೇ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದರು. ಅಂಗಿಯ ಎದೆಯ ಮೇಲೆ ಒದ್ದೆಯಾಗಿತ್ತು. ಜೊಲ್ಲೋ ಕಣ್ಣೀರೋ ನನಗೂ ತಿಳಿಯಲಿಲ್ಲ.

ಆಮೇಲೆ ಅವರು ಕನ್ನಡಿಯನ್ನು ಹೆಂಡತಿಯ ತಮ್ಮನ ಮನೆಯವರಿಗೆ ಕೊಟ್ಟುಬಿಟ್ಟರು. ನಾನು ಹೋದಾಗಲೆಲ್ಲ, "ಹಾಸನಕ್ಕೆ ಲೈನ್ ಸಿಕ್ತಾ?" ಎಂದು ಕೇಳುತ್ತಿದ್ದರು. ಲೈನ್ ಸಿಗುತ್ತಿತ್ತು. ಗಿರಿಜೆ ಅವರ ಆರೋಗ್ಯ ವಿಚಾರಿಸುತ್ತಿದ್ದಳು, ಮಾತ್ರೆ ಸಿಗ್ತಿದೆಯಾ ಅನ್ನುತ್ತಿದ್ದಳು. ಬರುತ್ತೇನೆ ಅನ್ನುತ್ತಿರಲಿಲ್ಲ. ಕಡೆಕಡೆಗೆ ಮೇಷ್ಟ್ರ ಮಾತು ತೀರಾ ಪಿಸುಮಾತಾಯಿತು. ಊಟ ನುಂಗುವುದು ಕಷ್ಟವಾಯಿತು. ಒಂದು ಮಳೆಗಾಲ ಎದೆಯಲ್ಲಿ ಕಫ ಕಟ್ಟಿಕೊಂಡು, ಹಾಸಿಗೆ ಹಿಡಿದು, ವಾರದಲ್ಲಿ ಹೋಗಿಬಿಟ್ಟರು.

ಗಿರಿಜೆಗೆ ಫೋನು ಮಾಡಿದವಳು ನಾನೇ. ಅವಳು ಬರುವ ಹೊತ್ತಿಗೆ ಮೇಷ್ಟ್ರನ್ನು ಜಗಲಿಯಲ್ಲಿ ಕೂರಿಸಿದ್ದರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಹಾರ, ಗೋಡೆಗೆ ಒರಗಿಸಿ ಬಟ್ಟೆಯಿಂದ ಬಿಗಿದಿದ್ದರು. ಬಂದವರೆಲ್ಲ ಒಂದೇ ಮಾತು ಆಡಿದರು. "ಒಳ್ಳೆ ಜೀವ ಇದ್ದಂಗೇ ಅವ್ರೆ ಕಣವ್ವ ಮೇಷ್ಟ್ರು. ಮಖ ಒಂಚೂರೂ ಬದಲಾಗಿಲ್ಲ." ಮೆಚ್ಚಿಕೊಂಡು ಆಡಿದ ಮಾತು. ಅದನ್ನು ಕೇಳಿ ಅರಚಬೇಕು ಅನ್ನಿಸಿತು ನನಗೆ.

ಗಿರಿಜೆ ಅವರ ಎದುರಿಗೆ ನೆಲದ ಮೇಲೆ ಕೂತಳು. ಅವಳ ಮುಖವೂ ಅವರ ಮುಖವೂ ಎದುರುಬದುರಾಯಿತು. ಅಳಲಿಲ್ಲ. ಕಣ್ಣಿನ ಕೆಳಗೆ ನೋಡಿದಳು, ಬಾಯಿಯ ಅಂಚು ನೋಡಿದಳು. ತಲೆ ಒಂದು ಚೂರು ಓರೆ ಮಾಡಿಕೊಂಡು ನೋಡಿದಳು, ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಹಾಗೆಯೇ. ಬಂದವರು ಹಾರ ಹಾಕುತ್ತಿದ್ದರು, ಹೋಗುತ್ತಿದ್ದರು. ಯಾರೋ ಭಜನೆ ಎತ್ತಿಕೊಂಡಿದ್ದರು. ಅವಳು ನೋಡುತ್ತಲೇ ಇದ್ದಳು. ನಾನು ಹತ್ತಿರ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟೆ.

ಗಿರಿಜೆ ಮೆಲ್ಲಗೆ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

"ಸೋತೆ ಸಾ" ಅಂದಳು.

ಸೋತೆ ಅಂದವರಿಗೆ ಉತ್ತರ ಕೊಡಲೇಬೇಕು, ಅದು ಅವರೇ ಮಾಡಿದ ನಿಯಮ. ಗಿರಿಜೆ ಕಾದಳು. ನಾನೂ ಅವಳ ಪಕ್ಕದಲ್ಲಿ ನಿಂತು ಕಾದೆ. ಹೊರುವವರು ಬಂದು, "ಒಸಿ ಅತ್ತಗೆ ಸರ್ಕೊಳ್ರವ್ವಾ, ಒತ್ತಾಯ್ತು" ಅನ್ನುವವರೆಗೂ ಕಾದೆವು.